ಗೋಡೆ ಒಡೆಯಲು ಬಿಡುವ ಮೊದಲು ಫ್ಲಷ್ ಟ್ಯಾಂಕ್ ನೋಡಿ: ಕಾಸರಗೋಡು ಕಡೆಯವರಿಗೆ ಎಚ್ಚರಿಕೆ

ಮೊಬೈಲಿನಲ್ಲಿ ‘ಹತ್ತಿರದ ಪ್ಲಂಬರ್’ ಎಂದು ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ‘24 ಗಂಟೆ ತುರ್ತು ಸೇವೆ’ಯ ನಂಬರಿಗೆ ವಿದ್ಯಾನಗರ, ಮಧೂರು, ಕುಂಬಳೆ ಕಡೆಯವರು ಯಾರೂ ಫೋನ್ ಮಾಡಬೇಡಿ. 14,800 ರೂಪಾಯಿ ಕೊಟ್ಟು, ಬಾತ್‌ರೂಮಿನ ಗೋಡೆ ಒಡೆಸಿಕೊಂಡು ಕುಳಿತಿದ್ದೇನೆ. ನಿಜವಾಗಿ ಹಾಳಾಗಿದ್ದದ್ದು ಫ್ಲಷ್ ಟ್ಯಾಂಕಿನ ಒಂದು ರಬ್ಬರ್ ವಾಷರ್. ನೂರು ರೂಪಾಯಿಯೂ ಬಾಳದ ವಾಷರ್! ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಆಟಿ ತಿಂಗಳು, ಜೋರು ಮಳೆಗಾಲ. ರಾತ್ರಿ ಮೋಟಾರ್ ಹಾಕಿ ತುಂಬಿಸಿದ ತಾರಸಿಯ 500 ಲೀಟರಿನ ಟ್ಯಾಂಕ್ ಬೆಳಗ್ಗೆ ನೋಡಿದರೆ ಖಾಲಿ. ಮತ್ತೆ ತುಂಬಿಸಿದರೆ ಮತ್ತೆ ಖಾಲಿ. ಬಾವಿಯಲ್ಲಿ ಬೇಕಾದಷ್ಟು ನೀರಿದೆ, ಆದರೆ ಗಾಳಿಮಳೆಗೆ ನಮ್ಮಲ್ಲಿ ಕರೆಂಟಿನ ಪಾಡು ನಿಮಗೆ ಗೊತ್ತೇ ಇದೆ. ಕರೆಂಟ್ ಹೋದರೆ ಟ್ಯಾಂಕಿನಲ್ಲಿದ್ದಷ್ಟೇ ನೀರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ಯಾವಾಗಲೂ ಬರುವ ನಮ್ಮ ಪ್ಲಂಬರ್ ಮಗಳ ಮನೆಗೆಂದು ಕಣ್ಣೂರಿಗೆ ಹೋಗಿದ್ದರು, ಫೋನ್ ಸಿಗಲಿಲ್ಲ.

ಆ ತುರ್ತು ಸೇವೆಯ ಫೋನ್ ಎತ್ತಿದವನು ಮೊದಲು ಹಿಂದಿಯಲ್ಲಿ ಮಾತಾಡಿದ, ಆಮೇಲೆ ಮಲಯಾಳಕ್ಕೆ ಬಂದ. ‘ಕಾಸರಗೋಡು ಯಾವ ಜಿಲ್ಲೆ?’ ಎಂದು ಕೇಳಿದ. 1984ರಿಂದ ಕಾಸರಗೋಡೇ ಒಂದು ಜಿಲ್ಲೆ ಮಾರಾಯರೇ! ವಿಸಿಟ್ ಚಾರ್ಜ್ 350, ಕೆಲಸ ನೋಡಿ ಉಳಿದದ್ದು ಎಂದ. ಇಬ್ಬರು ಹುಡುಗರು ಬಂದರು. ಬಂದವರು ತಾರಸಿ ಹತ್ತಿ, ಟ್ಯಾಂಕಿನಿಂದ ಮನೆಗೆ ಇಳಿಯುವ ನೀರನ್ನು ನಿಲ್ಲಿಸುವ ಗೇಟ್ ವಾಲ್ವ್ ಮುಚ್ಚಿ ನೋಡಲಿಲ್ಲ, ನಲ್ಲಿಗಳನ್ನು ನೋಡಲಿಲ್ಲ, ಕ್ಲೋಸೆಟ್ ಕಡೆಗೆ ಕಣ್ಣೂ ಹಾಯಿಸಲಿಲ್ಲ. ನೇರವಾಗಿ ಚೀಲದಿಂದ ಒಂದು ಮಷಿನ್ ತೆಗೆದರು.

ಈ ಮಷಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಂಗೈಯಷ್ಟು ದೊಡ್ಡದು, ತುದಿಯಲ್ಲಿ ಎರಡು ಮುಳ್ಳು. ಟೈಲ್ಸ್ ನಡುವಿನ ಸಂದಿಗೆ ಒತ್ತಿದಾಗ ಕೀ ಕೀ ಎಂದು ಕೂಗಿತು, ಕೆಂಪು ದೀಪ ಹತ್ತಿತು. ‘ನೋಡಿ ಚೇಚಿ, ಒಳಗೆ ಪೈಪ್ ಒಡೆದಿದೆ. ನೀರೆಲ್ಲ ಗೋಡೆಗೆ ಹೋಗುತ್ತಿದೆ. ಇವತ್ತು ಮಾಡಿಸದಿದ್ದರೆ ಗೋಡೆ ಕುಸಿಯಬಹುದು.’ ಕೆಂಪುಕಲ್ಲಿನ ಗೋಡೆ, ಆಟಿಯ ಮಳೆ! ಈ ಊರಿನಲ್ಲಿ ಆ ತಿಂಗಳಲ್ಲಿ ತೇವ ಹೀರದ ಗೋಡೆ ಯಾವುದಿದೆ? ತೇವ ಇದ್ದಲ್ಲೆಲ್ಲ ಕೂಗುವ ಯಂತ್ರ ಅದು, ಸೋರುವ ಪೈಪನ್ನು ಹುಡುಕುವ ಯಂತ್ರವಲ್ಲ. ನನ್ನ ಮಗ ಎಂಟನೆಯ ತರಗತಿ. ‘ಅಣ್ಣಾ, ಹಾಲ್‌ನ ಗೋಡೆಗೂ ಇಟ್ಟು ನೋಡಿ, ಅಲ್ಲಿ ಪೈಪ್ ಇಲ್ಲ’ ಎಂದು ಅವನೇ ಹೇಳಿದ. ಹುಡುಗ ಮಷಿನನ್ನು ಚೀಲಕ್ಕೆ ಹಾಕಿಕೊಂಡು ‘ಬ್ಯಾಟರಿ ಮುಗಿಯುತ್ತದೆ ಮೋನೇ’ ಎಂದ. ಬ್ಯಾಟರಿ ಮುಗಿಯುತ್ತದಂತೆ! ಈಗ ನೆನಪಾದರೂ ಮೈ ಉರಿಯುತ್ತದೆ.

ಟೈಲ್ಸ್ ಒಡೆದರು. ಗೋಡೆ ಕೊರೆದು ಪೈಪ್ ಕಾಣುವಂತೆ ಮಾಡಿದರು. ಪೈಪಿನಲ್ಲಿ ಒಂದು ಬಿರುಕಿಲ್ಲ, ಜಾಯಿಂಟಿನಲ್ಲಿ ಒಂದು ಹನಿಯಿಲ್ಲ. ಇದೇನು ಎಂದು ಕೇಳಿದೆ. ಅವನ ಉತ್ತರ: ‘ಲೀಕ್ ಮುಂದಕ್ಕೆ ಸರಿದಿದೆ ಚೇಚಿ.’ ಲೀಕ್ ಸರಿಯುತ್ತದೆಯೇ? ಅದೇನು ಹಲ್ಲಿಯೇ, ಬಡಿದಾಗ ಓಡಿಹೋಗಲು? ಆಮೇಲೆ, ‘ಹಳೆಯ ಲೈನ್ ನಂಬುವಂತಿಲ್ಲ, ಅದನ್ನು ಬಂದ್ ಮಾಡಿ ತಾರಸಿಯಿಂದ ಹೊರಗೋಡೆಯ ಮೇಲೆ ಹೊಸ ಸಿಪಿವಿಸಿ ಪೈಪ್ ಎಳೆಯೋಣ’ ಎಂದ. ಗೋಡೆ ಅರ್ಧ ಒಡೆದಿದೆ, ನೀರಿಲ್ಲ, ಅತ್ತೆಯವರು ಒಳಗಿನಿಂದ ಕರೆಯುತ್ತಿದ್ದಾರೆ. ಅಂಥ ಹೊತ್ತಿನಲ್ಲಿ ಯಾರು ಬೇಡ ಎನ್ನುತ್ತಾರೆ? ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಬಿಲ್ ಕೇಳಿದಾಗ ‘ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ’ ಎಂದರು. ಬಂದದ್ದು ಮೊತ್ತ ಬರೆದ ಒಂದು ಚೀಟಿಯ ಫೋಟೋ. ಹಣ ಹೋದದ್ದು ಯಾವುದೇ ಕಂಪೆನಿಗಲ್ಲ, ಯಾರೋ ಒಬ್ಬ ವ್ಯಕ್ತಿಯ ಖಾತೆಗೆ.

ಮರುದಿನ ಬೆಳಗ್ಗೆ ಟ್ಯಾಂಕ್ ಖಾಲಿ.

ಅಷ್ಟರಲ್ಲಿ ನಮ್ಮ ಪ್ಲಂಬರ್ ಫೋನಿಗೆ ಸಿಕ್ಕಿದರು. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ, ‘ಅಕ್ಕಾ, ಫ್ಲಷ್ ಟ್ಯಾಂಕಿನ ನೀರಿಗೆ ಒಂದು ಚಿಟಿಕೆ ಕುಂಕುಮ ಹಾಕಿ, ಫ್ಲಷ್ ಮಾಡದೆ ಸ್ವಲ್ಪ ಹೊತ್ತು ಬಿಡಿ’ ಎಂದರು. ಹೋಗಿ ನೋಡಿದರೆ ಕ್ಲೋಸೆಟ್ ಒಳಗೆ ಕೆಂಪು ನೀರು ಇಳಿಯುತ್ತಿದೆ. ವಾಷರ್ ಸವೆದು, ಅದರ ಮೇಲೆ ಬಾವಿನೀರಿನ ಕೆಂಪು ಕೆಸರು ಕಟ್ಟಿ, ಸರಿಯಾಗಿ ಕೂರುತ್ತಿರಲಿಲ್ಲ. ನಿಮಿಷಕ್ಕೆ ಒಂದು ಲೀಟರ್ ಸೋರಿದರೂ ಎಂಟು ಗಂಟೆಯಲ್ಲಿ 480 ಲೀಟರ್ ಆಗುತ್ತದೆ, ಟ್ಯಾಂಕಿಗೆ ಟ್ಯಾಂಕೇ ಹೋಗುತ್ತದೆ. ಹೊರಗೆ ಮಳೆ ಸುರಿಯುವಾಗ ಆ ಸದ್ದು ಯಾರಿಗೆ ಕೇಳಿಸಬೇಕು?

ಆ ನಂಬರಿಗೆ ಮತ್ತೆ ಫೋನ್ ಮಾಡಿದೆ. ಬಂದ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲು: ‘ಮೇಡಂ, ನೀವು ಪೈಪ್ ಲೀಕ್ ಎಂದು ಬುಕ್ ಮಾಡಿದ್ದೀರಿ. ಫ್ಲಷ್ ಟ್ಯಾಂಕ್ ಬೇರೆ ವಿಭಾಗ.’ ನಾನು ಹೇಳಿದ್ದು ಟ್ಯಾಂಕ್ ಖಾಲಿಯಾಗುತ್ತದೆ ಎಂದು ಮಾತ್ರ! ಆಮೇಲೆ: ‘ನೀವು ಒಪ್ಪಿದ ಮೇಲೆಯೇ ಒಡೆದದ್ದು.’ ಆಮೇಲೆ: ‘ಹೊಸ ಪೈಪ್ ಸೋರುತ್ತಿದೆಯೇ? ಇಲ್ಲವಲ್ಲ? ಗ್ಯಾರಂಟಿ ಇರುವುದು ಪೈಪಿಗೆ.’ ನಾನು ಧ್ವನಿ ಏರಿಸಿದಾಗ: ‘ನಾವು ಫೋನ್ ನಂಬರ್ ಜೋಡಿಸಿಕೊಡುವವರು ಅಷ್ಟೇ, ಆ ಹುಡುಗರು ನಮ್ಮವರಲ್ಲ.’ ಹುಡುಗರಿಗೆ ಫೋನ್ ಮಾಡಿದರೆ ‘ಕಂಪೆನಿಯನ್ನು ಕೇಳಿ’ ಎನ್ನುತ್ತಾರೆ. ಕೊನೆಗೆ ಒಂದು ಮೆಸೇಜ್ ಬಂತು: ಮುಂದಿನ ಸೇವೆಗೆ ಶೇಕಡಾ 10 ರಿಯಾಯಿತಿ.

ತಾರಸಿಯ ಟ್ಯಾಂಕ್ ಬೇಗ ಖಾಲಿಯಾದರೆ ಮೊದಲು ಫ್ಲಷ್ ಟ್ಯಾಂಕಿಗೆ ಕುಂಕುಮ ಹಾಕಿ ನೋಡಿ. ರಾತ್ರಿ ಫ್ಲಷ್ ಟ್ಯಾಂಕಿಗೆ ನೀರು ಬಿಡುವ ಸಣ್ಣ ನಲ್ಲಿ, ಅಂದರೆ ಆಂಗಲ್ ಕಾಕ್, ಮುಚ್ಚಿ ಮಲಗಿ. ಬೆಳಗ್ಗೆ ತಾರಸಿಯ ಟ್ಯಾಂಕಿನಲ್ಲಿ ನೀರು ಉಳಿದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ತಾರಸಿಯ ಗೇಟ್ ವಾಲ್ವ್ ಪೂರ್ತಿ ಮುಚ್ಚಿದ ಮೇಲೂ ಮಟ್ಟ ಇಳಿದರೆ ಟ್ಯಾಂಕನ್ನೋ ಅದರ ಜಾಯಿಂಟನ್ನೋ ನೋಡಿಸಿ. ಇಷ್ಟೂ ಮಾಡದೆ ಮಷಿನ್ ತೆಗೆಯುವವನನ್ನು ಗೇಟಿನಿಂದಲೇ ಕಳಿಸಿ. ಒಡೆಯುವ ಮೊದಲು ದರವನ್ನು ಬರೆಸಿಕೊಳ್ಳಿ, ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ; ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಇದೇ ಮಷಿನ್ ತೋರಿಸಿ ನಿಮ್ಮ ಮನೆಯಲ್ಲೂ ಗೋಡೆ ಒಡೆದಿದ್ದರೆ ಹಣ ಕಳಿಸಿದ ದಾಖಲೆಯನ್ನು ಅಳಿಸಬೇಡಿ, ನನಗೆ ತಿಳಿಸಿ. ಒಟ್ಟಿಗೆ ಹೋಗೋಣ.