ಬ್ಯಾಲೆನ್ಸ್ಡ್ ಟೆನ್ಶನ್ ಗಿಟಾರ್ ತಂತಿ: ತುಂಬಾ ದಿನ ಬಳಸಿದ ಮೇಲೆ ನನ್ನ ವಿಮರ್ಶೆ

ಮೊದಲೇ ಹೇಳ್ಬಿಡ್ತೀನಿ, ಮಾಮೂಲಿ 10-46 ಸೆಟ್ ಹಾಕ್ಕೊಂಡು ನುಡಿಸ್ತಾ ಬಿ ತಂತಿ ಯಾಕೋ ಜೋಲು, ಎ ತಂತಿ ಯಾಕೋ ಗಟ್ಟಿ ಅಂತ ಅನ್ನಿಸ್ತಿರೋರಿಗೆ ಆರೂ ತಂತಿಯ ಎಳೆತ (ಟೆನ್ಶನ್) ಹೆಚ್ಚುಕಮ್ಮಿ ಒಂದೇ ಇರೋ ಹಂಗೆ ದಪ್ಪ ಆರಿಸಿರೋ ಈ ಸೆಟ್ ಖಂಡಿತ ಹಿಡಿಸುತ್ತೆ. ಹಾಗೆ ಯಾವತ್ತೂ ಅನ್ನಿಸದೇ ಇರೋರು ಸುಮ್ನೆ ಬದಲಾಯಿಸೋಕೆ ಹೋಗೋದು ಬೇಡ, ಅಂಥ ದೊಡ್ಡ ವ್ಯತ್ಯಾಸ ಏನೂ ಗೊತ್ತಾಗಲ್ಲ. ನಾನು ಬಳಸ್ತಿರೋದು ಡಿ'ಅಡಾರಿಯೊದ ಇಎಕ್ಸ್‌ಎಲ್110ಬಿಟಿ, 25.5 ಇಂಚು ಸ್ಕೇಲ್ (ತಂತಿಯ ನುಡಿಯೋ ಭಾಗದ ಉದ್ದ) ಇರೋ ಎಲೆಕ್ಟ್ರಿಕ್ ಗಿಟಾರಿಗೆ, ಸ್ಟ್ಯಾಂಡರ್ಡ್ ಟ್ಯೂನಿಂಗಲ್ಲಿ.

ಮಾಮೂಲಿ ಸೆಟ್ಟಲ್ಲಿ ತಂತಿಗಳ ದಪ್ಪ 10, 13, 17, 26, 36, 46, ಎಲ್ಲಾ ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ. ಎರ್ನಿ ಬಾಲ್ ರೆಗ್ಯುಲರ್ ಸ್ಲಿಂಕಿನೂ ಇದೇ ಲೆಕ್ಕ, ಹೆಚ್ಚುಕಮ್ಮಿ ಎಲ್ಲಾ ಕಂಪನಿಯ 10ರ ಸೆಟ್ಟೂ ಇದೇ. ಡಿ'ಅಡಾರಿಯೊ ಪ್ರತಿ ತಂತಿ ಎಷ್ಟು ಎಳೆತದಲ್ಲಿರುತ್ತೆ ಅಂತ ಪ್ಯಾಕ್ ಹಿಂದೇನೇ ಪ್ರಿಂಟ್ ಮಾಡುತ್ತೆ, ಅದನ್ನ ಯಾರೂ ಓದಲ್ಲ ಅಷ್ಟೇ. ಸಣ್ಣ ಇ 16.2 ಪೌಂಡ್, ಬಿ 15.4, ಜಿ 16.6, ಡಿ 18.4, ಎ 19.5, ದಪ್ಪ ಇ 17.5. ನೋಡಿ, ಬಿ ಕೆಳಗಿಳೀತು, ಆಮೇಲೆ ಎ ವರೆಗೂ ಏರ್ತಾ ಹೋಯ್ತು, ದಪ್ಪ ಇಗೆ ಬಂದಾಗ ಮತ್ತೆ ಎರಡು ಪೌಂಡ್ ಇಳೀತು. ಬಿಗೂ ಎಗೂ ಮಧ್ಯೆ ನಾಲ್ಕು ಪೌಂಡ್ ಅಂತರ. ಬೆರಳಿಗೆ ಗೊತ್ತಾಗ್ತಿದ್ದಿದ್ದು ಬರೀ ಭ್ರಮೆ ಅಲ್ಲ ಅಂತಾಯ್ತು.

ಬಿಟಿ, ಅಂದ್ರೆ ಬ್ಯಾಲೆನ್ಸ್ಡ್ ಟೆನ್ಶನ್, ಸೆಟ್ಟಲ್ಲಿ ಮಾಡಿರೋದು ಇಷ್ಟೇ: 13 ಇದ್ದಿದ್ದು 13.5, 26 ಇದ್ದಿದ್ದು 25, 36 ಇದ್ದಿದ್ದು 34. ಬಾಕಿ ಮೂರು ತಂತಿ ಇದ್ದಂಗೇ ಇವೆ. ಅರ್ಧ ಸಾವಿರಾಂಶ ಇಂಚಲ್ಲಿ ಏನಾಗುತ್ತೆ ಅಂತ ಕೇಳಬಹುದು, ಆದ್ರೆ ಒಂದೇ ಶ್ರುತಿಗೆ ಕಟ್ಟಿದಾಗ ಪ್ಲೇನ್ ತಂತಿಯ (ಮೇಲೆ ಸುತ್ತು ಇಲ್ಲದ ಬರೀ ಸ್ಟೀಲ್ ತಂತಿ) ಟೆನ್ಶನ್ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅದಕ್ಕೇ 15.4 ಇದ್ದಿದ್ದು 16.6 ಆಗುತ್ತೆ, ಪಕ್ಕದ ಜಿ ತಂತಿಗೆ ಸರಿಸಮ. ಡಿ, ಎ ಎರಡೂ 17ರ ಆಸುಪಾಸಿಗೆ ಇಳೀತವೆ. ಆರೂ ತಂತಿ 16ರಿಂದ 17.5ರ ಒಳಗೆ ಬಂದು ಕೂತ್ಕೊಳ್ಳುತ್ವೆ.

ಕೈಗೆ ಹೇಗಿರುತ್ತೆ ಅಂದ್ರೆ, ಮೊದಲು ಗೊತ್ತಾಗೋದು ಬಲಗೈಗೆ. ಪಾಮ್ ಮ್ಯೂಟ್ ಮಾಡ್ಕೊಂಡು (ಅಂಗೈ ಅಂಚನ್ನ ತಂತಿ ಮೇಲಿಟ್ಟು ನಾದ ತಗ್ಗಿಸಿ) ದಪ್ಪ ಇಯಿಂದ ಎಗೆ ಹೋಗೋವಾಗ ಹಳೇ ಸೆಟ್ಟಲ್ಲಿ ಎ ತಂತಿ ಪಿಕ್ಕನ್ನ ವಾಪಸ್ ತಳ್ಳೋ ಥರ ಇತ್ತು, ಗೊತ್ತಿಲ್ದೇನೇ ಅಲ್ಲಿ ಸ್ವಲ್ಪ ಜೋರಾಗಿ ಹೊಡೀತಿದ್ದೆ, ಈಗ ಕೈ ಒಂದೇ ಬಲದಲ್ಲಿ ಹೋಗುತ್ತೆ. ಡಿಸ್ಟಾರ್ಶನ್ ಹಾಕಿ ಪವರ್ ಕಾರ್ಡ್ ಹೊಡೆದ್ರೆ ಎ ತಂತಿ 34 ಆಗಿರೋದ್ರಿಂದ ಗುಂಯ್ ಅನ್ನೋ ಮಬ್ಬು ಕಮ್ಮಿ, ಸ್ವರ ಬಿಡಿಬಿಡಿಯಾಗಿ ಕೇಳುತ್ತೆ. ಕ್ಲೀನ್ ಟೋನಲ್ಲಿ ಈ ವ್ಯತ್ಯಾಸ ನನಗಂತೂ ಕೇಳಿಸಲ್ಲ, ಕೇಳಿಸುತ್ತೆ ಅನ್ನೋರ ಜೊತೆ ವಾದ ಮಾಡಲ್ಲ.

ಎಡಗೈ ವಿಷಯ ಸ್ವಲ್ಪ ಬೇರೆ. ಯೂನಿಸನ್ ಬೆಂಡ್ ತಗೊಳ್ಳಿ: ಬಿ ತಂತಿಯ 8ನೇ ಫ್ರೆಟ್ಟಲ್ಲಿ ಜಿ ಸ್ವರ ಹಿಡ್ಕೊಂಡು, ಜಿ ತಂತಿಯ 10ನೇ ಫ್ರೆಟ್ಟಲ್ಲಿರೋ ಎಫ್ ಅನ್ನ ತಂತಿ ಪಕ್ಕಕ್ಕೆ ತಳ್ಳಿ ಒಂದು ಟೋನ್ ಏರಿಸಿ ಅದೇ ಜಿಗೆ ಸೇರಿಸೋದು. ಉಂಗುರದ ಬೆರಳು ಜಿ ತಂತಿ ತಳ್ಳೋವಾಗ ತೋರುಬೆರಳೂ ಜೊತೆಗೇ ಸ್ವಲ್ಪ ಸರಿಯುತ್ತೆ, ಬಿ ತಂತಿ ಸಡಿಲ ಇದ್ರೆ ಅದೂ ಅಷ್ಟು ಪಕ್ಕಕ್ಕೆ ಹೋಗಿ ಶ್ರುತಿ ಏರುತ್ತೆ, ಆಗ ಎರಡು ಸ್ವರ ಕೂಡೋ ಜಾಗದಲ್ಲಿ ವಾವ್ ವಾವ್ ಅಂತ ಬೀಟ್ಸ್ ನಿಲ್ಲೋದೇ ಇಲ್ಲ. 13.5 ಹಾಕಿದ ಮೇಲೆ ಬಿ ತಂತಿ ತನ್ನ ಜಾಗದಲ್ಲಿ ನಿಲ್ಲುತ್ತೆ, ಎರಡು ಸ್ವರ ಬೇಗ ಕೂಡ್ಕೊಳ್ತವೆ. ನನಗೆ ಈ ಸೆಟ್ ಬಿಡೋಕೆ ಮನಸ್ಸಾಗದೇ ಇರೋದು ಮುಖ್ಯವಾಗಿ ಇದಕ್ಕೇ.

ಆದ್ರೆ ಟೆನ್ಶನ್ ಸಮ ಆದ ಮಾತ್ರಕ್ಕೆ ಎಲ್ಲಾ ತಂತಿ ಕೈಗೆ ಒಂದೇ ಥರ ಇರುತ್ತೆ ಅಂದ್ಕೋಬೇಡಿ, ಇಲ್ಲೇ ತುಂಬಾ ಜನಕ್ಕೆ ನಿರಾಸೆ ಆಗೋದು. ಪ್ಲೇನ್ ಸ್ಟೀಲ್ ತಂತೀನ ಒಂದು ಟೋನ್ ಏರಿಸೋಕೆ ಎಷ್ಟು ದೂರ ಎಳೀಬೇಕು ಅನ್ನೋದು ಅದರ ದಪ್ಪದ ಮೇಲೆ ನಿಂತಿಲ್ಲ, ಉದ್ದ ಮತ್ತು ಶ್ರುತಿ ಮೇಲೆ ನಿಂತಿದೆ. ದಪ್ಪ ತಂತಿಗೆ ಜಾಸ್ತಿ ಬಲ ಬೇಕು, ದೂರ ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಶ್ರುತಿ ತಗ್ಗಿದಷ್ಟೂ ಕಮ್ಮಿ ಎಳೆದ್ರೆ ಸಾಕು. ಹಂಗಾಗಿ ಜಿ ತಂತಿ ಯಾವ ಸೆಟ್ಟಲ್ಲಾದ್ರೂ ಚೂರು ತಳ್ಳಿದ್ರೆ ಸಾಕು ಮೇಲಕ್ಕೆ ಓಡುತ್ತೆ, ಸಣ್ಣ ಇ ಅಷ್ಟೇ ಏರಬೇಕಂದ್ರೆ ಇನ್ನೂ ದೂರ ಹೋಗ್ಬೇಕು. ಕಾರ್ಡ್ ಹಿಡಿದಾಗ ಜಿ ತಂತಿ ಒತ್ತಿದ್ದು ಜಾಸ್ತಿಯಾಗಿ ಶಾರ್ಪ್ ಕೇಳೋದೂ ಇದಕ್ಕೇ. ಬಿಟಿ ಸೆಟ್ಟಲ್ಲಿ ಜಿ ತಂತಿ 17 ಇದ್ದಿದ್ದು 17ಏ ಇದೆ, ಈ ಕಾಟ ಹೋಗಲ್ಲ, 17 ಬದಲು 18 ಹಾಕಿದ್ರೂ ಹೋಗಲ್ಲ. ಸುತ್ತಿದ ಜಿ ತಂತಿ ಹಾಕಿದ್ರೆ ಹೋಗುತ್ತೆ, ಒಳಗಿನ ಕೋರ್ ತೆಳ್ಳಗಿರೋದ್ರಿಂದ ಅದು ಅಷ್ಟು ಬೇಗ ಏರಲ್ಲ, ಆದ್ರೆ ಬೆಂಡ್ ಮಾಡೋರಿಗೆ ಅದು ಬೇರೆ ತಲೆನೋವು.

ಕೋರ್ ಅಂದಾಗ ನೆನಪಾಯ್ತು, ಸುತ್ತಿದ ತಂತೀಲಿ ಕೋರ್ ಆರು ಮೂಲೆದೋ ದುಂಡಗಿದೆಯೋ ಅನ್ನೋದೂ ಕೈಗೆ ಗೊತ್ತಾಗುತ್ತೆ. ದುಂಡು ಕೋರ್ ತಂತಿ ಟೆನ್ಶನ್ ಅಷ್ಟೇ ಇದ್ರೂ ಮೆತ್ತಗೆ ಅನ್ನಿಸುತ್ತೆ. ಅದನ್ನ ಟ್ಯೂನ್ ಮಾಡೋಕೆ ಮುಂಚೆ ತುದಿ ಕತ್ತರಿಸಬಾರದು, ಸುತ್ತು ಸಡಿಲ ಆಗಿಬಿಡುತ್ತೆ. ಈ ಸೆಟ್ಟಲ್ಲಿರೋದು ಆರು ಮೂಲೆ ಕೋರ್, ಮೇಲೆ ನಿಕ್ಕಲ್ ಲೇಪದ ಸ್ಟೀಲ್ ಸುತ್ತು, ಕೋಟಿಂಗ್ ಇಲ್ಲ. ಕೈ ಜಾಸ್ತಿ ಬೆವರೋರಿಗೆ ಕೋಟಿಂಗ್ ಇಲ್ಲದ ಯಾವ ತಂತಿಯಾದ್ರೂ ಬೇಗ ಮಂಕಾಗುತ್ತೆ, ನುಡಿಸಿದ ಮೇಲೆ ಒಣಬಟ್ಟೇಲಿ ಒರೆಸಿಡಿ, ಅಷ್ಟೇ.

ಗಿಟಾರ್ ಸೆಟಪ್ ಮುಟ್ಟಬೇಕಾ ಅಂತ ತುಂಬಾ ಜನ ಕೇಳ್ತಾರೆ. 10-46ಯಿಂದ ಇದಕ್ಕೆ ಬಂದ್ರೆ ಬೇಡ, ಒಟ್ಟು ಎಳೆತ 103-104 ಇದ್ದಿದ್ದು 101ರ ಹತ್ರ ಬರುತ್ತೆ, ಗಿಟಾರಿನ ಕುತ್ತಿಗೆಗೆ ಅದೇನೂ ಲೆಕ್ಕಕ್ಕಿಲ್ಲ. ನಟ್ ಗೀರೂ (ಕುತ್ತಿಗೆ ತುದೀಲಿ ತಂತಿ ಕೂರೋ ಸೀಳು) ಈಗಿರೋದೇ ಸಾಕು. ಇಂಟೊನೇಶನ್ (ಮೇಲಿನ ಫ್ರೆಟ್ಟಲ್ಲೂ ಶ್ರುತಿ ಸರಿ ಇದೆಯಾ ಅನ್ನೋದು) ಮಾತ್ರ ಒಂದು ಸಲ ಚೆಕ್ ಮಾಡ್ಕೊಳ್ಳಿ. ಫ್ಲೋಟಿಂಗ್ ಬ್ರಿಡ್ಜ್ (ತಂತಿ ಎಳೆತ, ಸ್ಪ್ರಿಂಗ್ ಎಳೆತ ಎರಡರ ಮಧ್ಯೆ ತೇಲೋ ಬ್ರಿಡ್ಜ್) ಇರೋ ಗಿಟಾರಲ್ಲಿ 10ರಿಂದ 9ರ ಸೆಟ್ಟಿಗೆ ಹೋಗೋದು ಬೇರೆ ಮಾತು, 9-42 ಒಟ್ಟು 85 ಪೌಂಡ್ ಅಷ್ಟೇ, ಹಿಂದಿನ ಸ್ಪ್ರಿಂಗ್ ಗೆದ್ದು ಬ್ರಿಡ್ಜ್ ಒಳಕ್ಕೆ ಕೂತ್ಕೊಳ್ಳುತ್ತೆ, ಸ್ಪ್ರಿಂಗ್ ಹಿಡಿದಿರೋ ಕ್ಲಾ ಸ್ಕ್ರೂ ಸಡಿಲ ಮಾಡ್ಲೇಬೇಕು.

ಅಂದಹಾಗೆ ಮಾಮೂಲಿ 9-42 ಸೆಟ್ಟಲ್ಲಿ ಬಿ ತಂತಿ ಪರಿಸ್ಥಿತಿ ಇನ್ನೂ ಕೆಟ್ಟದು: ಸಣ್ಣ ಇ 13.1 ಪೌಂಡ್, ಬಿ 11, ಜಿ 14.7. ಬ್ಯಾಲೆನ್ಸ್ ಮಾಡಿರೋ 9-40 ಸೆಟ್ಟಲ್ಲಿ 9, 12, 15, 22, 30, 40, ತೆಳ್ಳಗಿನ ಮೂರೂ 13 ಪೌಂಡ್ ಹತ್ರ ಬರುತ್ವೆ. ನನ್ನ ಕೇಳಿದ್ರೆ 9 ಹಾಕೋರಿಗೇ ಬ್ಯಾಲೆನ್ಸ್ಡ್ ಸೆಟ್‌ನ ಲಾಭ ಜಾಸ್ತಿ, ಆದ್ರೆ ಜೋರಾಗಿ ರಿದಮ್ ಹೊಡೆಯೋರಿಗೆ ಕೆಳಗಿನ 40 ತೆಳ್ಳಗೆ ಅನ್ನಿಸಬಹುದು, ಅದನ್ನೂ ಯೋಚನೆ ಮಾಡಿ.

ಸ್ಕೇಲ್ ಬದಲಾದ್ರೆ ಲೆಕ್ಕಾನೂ ಬದಲಾಗುತ್ತೆ. 24.75 ಇಂಚಿನ ಗಿಟಾರಿಗೆ ಇದೇ ತಂತಿ ಹಾಕಿದ್ರೆ ಸುಮಾರು ಶೇ. 6 ಟೆನ್ಶನ್ ಕಮ್ಮಿ, ಆರೂ ತಂತೀಲೂ ಒಂದೇ ಪ್ರಮಾಣದಲ್ಲಿ ಕಮ್ಮಿ, ಹಂಗಾಗಿ ಬ್ಯಾಲೆನ್ಸ್ ಕೆಡಲ್ಲ. ಅರ್ಧ ಟೋನ್ ಇಳಿಸಿ ನುಡಿಸಿದ್ರೂ ಹಂಗೇ, ಶೇ. 11ರಷ್ಟು ಇಳಿಯುತ್ತೆ, ಎಲ್ಲಾ ಒಟ್ಟಿಗೆ. ಆ ಟ್ಯೂನಿಂಗಲ್ಲೇ ಇರೋರು 11ರ ಬಿಟಿ ಸೆಟ್ ನೋಡಬಹುದು, 11ರಿಂದ 50.

ಕೆಡೋದು ಡ್ರಾಪ್ ಡಿಯಲ್ಲಿ. ದಪ್ಪ ಇ ಒಂದೇ ತಂತಿ ಒಂದು ಟೋನ್ ಇಳಿದು ಡಿ ಆಗೋದ್ರಿಂದ 46ರ ಎಳೆತ 17.5ರಿಂದ 14 ಪೌಂಡಿಗೆ ಬೀಳುತ್ತೆ, ಪಕ್ಕದ ಎ 17ರಲ್ಲೇ ಇರುತ್ತೆ, ದುಡ್ಡು ಕೊಟ್ಟು ತಗೊಂಡ ಬ್ಯಾಲೆನ್ಸ್ ಅಲ್ಲಿಗೆ ಮುಗೀತು. ಯಾವಾಗ್ಲೂ ಡ್ರಾಪ್ ಡಿಯಲ್ಲೇ ಇರೋರು ಕೆಳಗಿನ 46 ತೆಗೆದು ಬಿಡಿಯಾಗಿ 50-52 ತಂದು ಹಾಕ್ಕೊಳ್ಳಿ, ನಟ್ ಗೀರಲ್ಲಿ ಕೂರುತ್ತಾ ಅಂತ ಮೊದಲು ನೋಡ್ಕೊಂಡು.