ಗಂಟೆಯೋ, ಬಣ್ಣದ ಪಟ್ಟಿಯೋ, ಮನೆಯೊಳಗಿನ ವಾಸವೋ?

ಹಕ್ಕಿಗಳನ್ನು ಉಳಿಸಲು ಬೆಕ್ಕಿಗೆ ಗಂಟೆ ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಹೊಂಚು ಹಾಕಿ ಕುಳಿತ ಬೆಕ್ಕು ಕೊರಳನ್ನು ಅಲುಗಿಸುವುದೇ ಇಲ್ಲ. ನೆಗೆದಾಗ ಸದ್ದಾದರೂ ಹೊತ್ತು ಮೀರಿರುತ್ತದೆ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ 2021ರ ಅಧ್ಯಯನದಲ್ಲೂ ಗಂಟೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಕಡುಬಣ್ಣದ ಬಟ್ಟೆಯ ಕೊರಳಪಟ್ಟಿ ಇದಕ್ಕಿಂತ ಎಷ್ಟೋ ಮೇಲು. ಬಣ್ಣ ಗುರುತಿಸುವುದರಲ್ಲಿ ಹಕ್ಕಿಗಳ ಕಣ್ಣು ಬಲು ಚುರುಕು; ಪೊದೆಯ ಮರೆಯಲ್ಲಿ ಕೆಂಪು-ಹಳದಿ ಅಂಚು ಇಣುಕಿದರೂ ಹಾರಿಬಿಡಬಲ್ಲವು. ಅದೇ ಅಧ್ಯಯನದಲ್ಲಿ, ಪಟ್ಟಿ ತೊಟ್ಟ ಬೆಕ್ಕುಗಳು ಮನೆಗೆ ತಂದ ಹಕ್ಕಿಗಳ ಸಂಖ್ಯೆ ಶೇ. 42ರಷ್ಟು ಇಳಿಯಿತು. ಇಲಿಗಳಿಗೆ ಮಾತ್ರ ಈ ರಕ್ಷಣೆಯಿಲ್ಲ (ಕೆಲವರಿಗೆ ಅದು ಅನುಕೂಲವೇ). ಪಟ್ಟಿ ಕೊಂಬೆಗೆ ಸಿಕ್ಕಿಕೊಂಡರೆ ತಾನಾಗಿ ಬಿಚ್ಚಿಕೊಳ್ಳುವ ಕೊಂಡಿ ಇರಲೇಬೇಕು.

ಪಟ್ಟಿಯನ್ನು ಕೆರೆದು ಕಿತ್ತೆಸೆಯುವ ಬೆಕ್ಕಾದರೆ ಮಾಂಸದ ಪ್ರೋಟೀನ್ ಹೇರಳವಾಗಿರುವ ಆಹಾರ ಕೊಡಿ, ದಿನಕ್ಕೆ 5–10 ನಿಮಿಷ ಆಡಿಸಿ. ಇವುಗಳಿಂದ ಮನೆಗೆ ಬರುವ ಬೇಟೆ ಕ್ರಮವಾಗಿ ಶೇ. 36 ಮತ್ತು ಶೇ. 25ರಷ್ಟು ತಗ್ಗಿತ್ತು.

ಪೂರ್ತಿ ಅಭಯ ಸಿಗುವುದು ಬೆಕ್ಕು ಮನೆಯೊಳಗೆ ಅಥವಾ ಜಾಲರಿ ಹಾಕಿದ ಅಂಗಳದಲ್ಲಿ ಇದ್ದಾಗ ಮಾತ್ರ. ಮರಿ ಸಾಕುವವರಿಗೆ ನನ್ನ ಸಲಹೆ ಇದೇ. ಹೊರಗೆ ತಿರುಗಿ ರೂಢಿಯಾದ ಬೆಕ್ಕಿಗೆ ಪಟ್ಟಿ, ಆಟ ಎರಡನ್ನೂ ಜೋಡಿಸಿ. ಹಕ್ಕಿಮರಿಗಳು ಗೂಡು ಬಿಡುವ ವಾರಗಳಲ್ಲಾದರೂ ಬಾಗಿಲು ಮುಚ್ಚಿಡಿ.