ಹಿಂದೆ ಕೂತವರು ಕೊಡೆ ಬಿಡಿಸಿದರೆ ಗಾಡಿ ನಿಲ್ಲಿಸಿಬಿಡಿ

ಬಟನ್ ಕೊಡೆ ಬಿಚ್ಚಿಕೊಳ್ಳುವಾಗ "ಟಪ್" ಅಂತ ಒಂದು ಸದ್ದು ಬರುತ್ತದಲ್ಲ, ಅದು ನನಗೆ ಕೇಳಿಸಿತ್ತು. ಹೆಲ್ಮೆಟ್ಟಿನೊಳಗೆ ಏನೂ ಕೇಳಲಿಲ್ಲ ಎಂದು ಆಸ್ಪತ್ರೆಯಲ್ಲಿ ನಾದಿನಿಯರಿಗೆ ಹೇಳಿದ್ದೆ. ಸುಳ್ಳು. ಕೇಳಿಸಿತು, ಅತ್ತೆ ಕೊಡೆ ಬಿಡಿಸಿದರು ಅಂತ ಗೊತ್ತೂ ಆಯಿತು. ಇನ್ನೇನು ಮುಂದಿನ ಪೇಟೆ ಹಳೆಯಂಗಡಿ ಬಂತಲ್ಲ ಎಂದುಕೊಂಡು ಗಾಡಿ ಬಿಡುತ್ತಲೇ ಇದ್ದೆ. ಈ ವರ್ಷದ ಮಳೆ ಹಿಡಿಯುವ ಮೊದಲು ಇದನ್ನು ಬರೆಯಬೇಕು ಅನ್ನಿಸಿತು. ಮೊದಲು ಗಂಡನಿಗೆ ನಿಜ ಹೇಳಿದೆ, ಈಗ ಬರೆಯುತ್ತಿದ್ದೇನೆ.

ಕಳೆದ ಜೂನ್, ಎರಡನೇ ಭಾನುವಾರ. ಸುರತ್ಕಲ್‌ನ ನಮ್ಮ ಮನೆಯಿಂದ ಮೂಲ್ಕಿಯಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೊರಟಿದ್ದೆವು. ಗಂಡ, ಮಗ ಬೆಳಿಗ್ಗೆಯೇ ಹೋಗಿದ್ದರು. ಬಸ್ಸಿಗೆ ಹೋಗುವ ಎಂದು ಅತ್ತೆ ಹೇಳಿದ್ದರು. "ಅರ್ಧ ಗಂಟೆಯೂ ಬೇಡ ಅತ್ತೆ, ಸ್ಕೂಟರಲ್ಲೇ ಹೋಗುವ" ಎಂದವಳು ನಾನು. ಅವರಿಗೆ 63 ವರ್ಷ. ರೇಷ್ಮೆ ಸೀರೆ ಉಟ್ಟು, ತಲೆಗೆ ಅರ್ಧ ಚೆಂಡು ಮಲ್ಲಿಗೆ ಮುಡಿದಿದ್ದರು. ಎರಡನೇ ಹೆಲ್ಮೆಟ್ ತಂದುಕೊಟ್ಟರೆ "ಹೂವೆಲ್ಲ ಅಪ್ಪಚ್ಚಿ ಆಗ್ತದೆ ಮಾರಾಯ್ತಿ, ಅದು ಬೇಡ" ಅಂದರು. ನಾನು ಒತ್ತಾಯ ಮಾಡಲಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿನಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಎಂಬುದು ಗೊತ್ತಿಲ್ಲದೆ ಅಲ್ಲ. ಭಾನುವಾರ ಯಾರು ನಿಲ್ಲಿಸುತ್ತಾರೆ ಎಂಬ ಧೈರ್ಯ.

ಮುಕ್ಕ ದಾಟುವವರೆಗೆ ಮಳೆ ಇರಲಿಲ್ಲ. ಆಮೇಲೆ ಹನಿ ಹಾಕಲು ಶುರುವಾಯಿತು. ಹನಿ ಅಷ್ಟೇ. ಧೋ ಎಂದು ಸುರಿದಿದ್ದರೆ ಖಂಡಿತ ನಿಲ್ಲಿಸುತ್ತಿದ್ದೆ, ನಮ್ಮೂರಲ್ಲಿ ಜೋರು ಮಳೆಗೆ ಎಲ್ಲರೂ ಬಸ್‌ಸ್ಟ್ಯಾಂಡಿನ ಅಡಿಗೆ ನುಗ್ಗುತ್ತಾರೆ. ಈ ಹನಿಮಳೆಯೇ ಮೋಸ. ನಿಲ್ಲಿಸುವಷ್ಟು ಜೋರಿಲ್ಲ, ರೇಷ್ಮೆ ಸೀರೆ ಸುಮ್ಮನೆ ತಡೆದುಕೊಳ್ಳುವಷ್ಟು ಕಡಿಮೆಯೂ ಅಲ್ಲ. "ಸೀರೆಗೆ ಕಲೆ ಕೂರ್ತದೆ" ಎಂದು ಹಿಂದಿನಿಂದ ಎರಡು ಸಲ ಹೇಳಿದರು. ನಾನು "ಈಗ ಬಂತು, ಈಗ ಬಂತು" ಎಂದೆ.

ಪಾವಂಜೆ ಸೇತುವೆ ಗೊತ್ತಲ್ಲ, ನಂದಿನಿ ನದಿಯದ್ದು. ಅಲ್ಲಿಯವರೆಗೆ ರಸ್ತೆಯ ಪಕ್ಕ ಮನೆ, ಮರ, ಅಂಗಡಿ ಅಂತ ಏನಾದರೂ ಗಾಳಿಗೆ ಅಡ್ಡ ಇರುತ್ತದೆ. ಸೇತುವೆ ಮೇಲೆ ಅದೊಂದೂ ಇಲ್ಲ. ಮಂಗಳೂರಿನಿಂದ ಉಡುಪಿ ಕಡೆಗೆ ಹೋಗುವವರಿಗೆ ಎಡಗಡೆ ಕಡಲು, ಮಳೆಗಾಲದ ಗಾಳಿ ಬರುವುದೇ ಆ ಕಡೆಯಿಂದ. ಸೀರೆ ಉಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರುವವರ ಮುಖವೂ ಎಡಕ್ಕೇ ಇರುತ್ತದೆ. ಹಾಗೆ ಕೂತವರ ಬಲಗೈ ಓಡಿಸುವವರ ಹೆಗಲ ಮೇಲೆ, ಎಡಗೈ ಸೀಟಿನ ಹಿಂದಿನ ಕಂಬಿಯ ಮೇಲೆ. ಬೀಳದ ಹಾಗೆ ಅವರನ್ನು ಹಿಡಿದಿಟ್ಟದ್ದು ಆ ಎರಡು ಹಿಡಿತ ಮಾತ್ರ. ಕೊಡೆ ಬಿಡಿಸಿ ಗಾಳಿಗೆ ಹಿಡಿದುಕೊಳ್ಳಲು ಎರಡೂ ಕೈ ಬೇಕು.

ನನ್ನ ಹೆಗಲ ಮೇಲಿನ ಕೈ ಹೋಯಿತು. ಟಪ್ ಎಂದಿತು. ಬಲಗಡೆ ಕನ್ನಡಿಯಲ್ಲಿ ರಸ್ತೆ ಕಾಣಿಸುತ್ತಿದ್ದ ಕಡೆ ನೀಲಿ ಬಟ್ಟೆ ತುಂಬಿಕೊಂಡಿತು. ನನ್ನ ತಲೆಗೂ ಮಳೆ ತಾಗದ ಹಾಗೆ ಕೊಡೆಯನ್ನು ಮುಂದಕ್ಕೆ ಬಾಗಿಸಿ ಹಿಡಿದಿದ್ದರು ಪಾಪ. ಸ್ಪೀಡೋಮೀಟರು 40ರ ಹತ್ತಿರ ಇತ್ತು. ಸೇತುವೆ ನಡುವಿಗೆ ಬರುವಾಗ ಗಾಳಿ ಒಂದೇ ಸಲ ಕೊಡೆಯ ಒಳಗೆ ಹೊಕ್ಕಿತು. ಕೊಡೆ ಉಲ್ಟಾ ಆದ ಸದ್ದು, ಗಾಡಿ ಒಮ್ಮೆ ಬಲಕ್ಕೆ ವಾಲಿದ್ದು, ಆಮೇಲೆ ಹಿಂದಿನ ಭಾರವೇ ಇಲ್ಲದ ಹಾಗೆ ಹಗುರ ಆದದ್ದು, ಇಷ್ಟು ನೆನಪಿದೆ. ಕೂಗಲೂ ಇಲ್ಲ ಅವರು.

ಹಿಂದೆ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಇತ್ತು. ಈ ಬಸ್ಸುಗಳಿಗೆ ನಾವೆಲ್ಲ ಎಷ್ಟು ಬೈಯುತ್ತೇವೆ, ನಾನೂ ಬೈದವಳೇ. ಅವತ್ತು ಆ ಡ್ರೈವರ್ ಬ್ರೇಕ್ ಹಾಕಿ, ಬಸ್ಸನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಹಿಂದಿನ ಗಾಡಿ ಯಾವುದೂ ಬಾರದ ಹಾಗೆ ಮಾಡದಿದ್ದರೆ ಈ ಬರಹ ಬೇರೆಯೇ ಆಗುತ್ತಿತ್ತು.

ಒಂದು ವಿಷಯ ಮಗನಿಂದ ಗೊತ್ತಾಯಿತು. ಅವನು ಎಂಜಿನಿಯರಿಂಗ್ ಓದುತ್ತಾನೆ, ಆಸ್ಪತ್ರೆಯ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದ. ಒಂದು ಮೀಟರು ಅಗಲದ ಕೊಡೆಯನ್ನು ಮುಂದಕ್ಕೆ ಹಿಡಿದು 40 ಕಿ.ಮೀ. ವೇಗದಲ್ಲಿ ಹೋದರೆ, ಗಾಳಿ ಇಲ್ಲದ ದಿನವೂ ಸುಮಾರು 7 ಕೆ.ಜಿ. ಭಾರ ಹಿಂದಕ್ಕೆ ಎಳೆದಂತೆ. ಎದುರಿನಿಂದ 30 ಕಿ.ಮೀ. ವೇಗದ ಗಾಳಿ ಸೇರಿದರೆ ಅದು 20 ಕೆ.ಜಿ. ದಾಟುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಂತೆ. 20 ಕೆ.ಜಿ. ಅಂದರೆ ಹೆಚ್ಚುಕಡಿಮೆ ಒಂದು ಅಕ್ಕಿ ಮುಡಿಯ (ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆಯ) ಅರ್ಧ ಭಾರ, ಅದೂ ಎಚ್ಚರಿಕೆ ಕೊಡದೆ, ಎರಡೂ ಕೈ ಬಿಟ್ಟು ಕೂತವರಿಗೆ. "ಕೊಡೆ ಬಿಟ್ಟುಬಿಡಬೇಕಿತ್ತು" ಎಂದು ಎಷ್ಟೋ ಜನ ಹೇಳಿದರು. ಬೀಳುವಾಗ ಮನುಷ್ಯ ಕೈಯಲ್ಲಿದ್ದದ್ದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಾನೆಯೇ ಹೊರತು ಬಿಡುವುದಿಲ್ಲ. ಕೊಡೆಯ ಹಿಡಿ ಕೊನೆಗೂ ಅತ್ತೆಯ ಮುಷ್ಟಿಯಲ್ಲೇ ಇತ್ತು.

ಬಿದ್ದದ್ದಕ್ಕಿಂತ ದೊಡ್ಡ ತಪ್ಪು ನಾವು ಮಾಡಿದ್ದು ಆಮೇಲೆ. ಅತ್ತೆ ಎದ್ದು ಕೂತರು. "ಎಂತ ಆಗ್ಲಿಲ್ಲ, ಸೀರೆ ಮಾತ್ರ ಮಣ್ಣಾಯ್ತು" ಅಂದರು. ತಲೆಯ ಹಿಂದೆ ನಿಂಬೆಹಣ್ಣಿನಷ್ಟು ಊದಿತ್ತು, ರಕ್ತ ಇರಲಿಲ್ಲ. ರಕ್ತ ಇಲ್ಲ ಎಂದು ನಾವು ಸಮಾಧಾನ ಪಟ್ಟುಕೊಂಡೆವು ನೋಡಿ! ರಿಕ್ಷಾದವರೊಬ್ಬರು "ಆಸ್ಪತ್ರೆಗೆ ಬಿಡ್ತೇನೆ ಅಕ್ಕ, ದುಡ್ಡು ಬೇಡ" ಎಂದರೂ ಕೇಳದೆ ನಿಶ್ಚಿತಾರ್ಥದ ಹಾಲ್‌ಗೇ ಬಿಡಲು ಹೇಳಿದೆವು. ಅಲ್ಲಿ ಐಸ್‌ಕ್ರೀಮ್ ಕೌಂಟರಿನಿಂದ ಐಸ್ ತಂದು ಕರವಸ್ತ್ರದಲ್ಲಿ ಕಟ್ಟಿ ಒತ್ತಿದರು. ಅತ್ತೆ ಎಲ್ಲರಲ್ಲೂ ಮಾತಾಡಿದರು, ಫೋಟೋಕ್ಕೆ ನಿಂತರು, ಊಟಕ್ಕೂ ಕೂತರು. ಎರಡೂವರೆ ಗಂಟೆ ಕಳೆದ ಮೇಲೆ ಪಾಯಸದ ಎಲೆ ಮುಂದೆ ಇರುವಾಗಲೇ ವಾಂತಿ. ಆಮೇಲೆ ಒಂದೇ ಸಮನೆ ನಿದ್ದೆ ಬರ್ತದೆ, ಮಲಗ್ತೇನೆ ಎಂದರು. ಊಟ ಹೆಚ್ಚಾಗಿರಬೇಕು, ಮಲಗಲಿ ಎಂದು ಒಬ್ಬರು ಚಾಪೆ ಹಾಕಿಯೂ ಆಗಿತ್ತು. ವಧುವಿನ ಕಡೆಯ ಒಬ್ಬ ನರ್ಸ್ ಹುಡುಗಿ ನೋಡಿದಳು, ಕಣ್ಣಿಗೆ ಮೊಬೈಲ್ ಟಾರ್ಚ್ ಬಿಟ್ಟಳು, "ಇವರನ್ನು ಮಲಗಿಸಬೇಡಿ, ಈಗಲೇ ಕಾರ್ ತೆಗೀರಿ" ಎಂದು ಗದರಿಸಿದಳು.

ಸಿ.ಟಿ. ಸ್ಕ್ಯಾನಿನಲ್ಲಿ ತಲೆಬುರುಡೆಯೊಳಗೆ ರಕ್ತಸ್ರಾವ ಕಂಡಿತು. ಪೆಟ್ಟು ಬಿದ್ದ ಮೇಲೆ ಕೆಲವು ಗಂಟೆ ಚೆನ್ನಾಗಿಯೇ ಇದ್ದು, ಒಳಗೆ ರಕ್ತ ತುಂಬುತ್ತಾ ಹೋದ ಹಾಗೆ ವಾಂತಿ, ಮಂಪರು ಬರುವುದು ಉಂಟಂತೆ. ಡಾಕ್ಟರು ಮೊದಲು ಕೇಳಿದ ಪ್ರಶ್ನೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರಾ ಎಂದು. ಹೌದು, ಹೃದಯಕ್ಕೆಂದು ಮೂರು ವರ್ಷದಿಂದ. ಅಂಥವರಿಗೆ ಸಣ್ಣ ಪೆಟ್ಟಾದರೂ ರಕ್ತ ಬೇಗ ನಿಲ್ಲುವುದಿಲ್ಲ, ಊದಿದ್ದು ಕಂಡ ಕೂಡಲೇ ಬರಬೇಕಿತ್ತು ಎಂದರು. ಆಪರೇಷನ್ ಬೇಕಾಗಲಿಲ್ಲ. ಹನ್ನೊಂದು ದಿನ ಆಸ್ಪತ್ರೆ, ಅದರಲ್ಲಿ ನಾಲ್ಕು ದಿನ ಐ.ಸಿ.ಯು. ದುಡ್ಡಿನ ವಿಷಯ ಒಂದೇ ಮಾತಲ್ಲಿ ಹೇಳುತ್ತೇನೆ: ಗಾಡಿಯ ಜೊತೆ ಕಡ್ಡಾಯವಾಗಿ ಮಾಡಿಸುವ 15 ಲಕ್ಷದ ಅಪಘಾತ ವಿಮೆ ಮಾಲೀಕರೇ ಓಡಿಸುವಾಗ ಅವರಿಗೆ ಮಾತ್ರ, ಹಿಂದೆ ಕೂತವರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ನಿಮ್ಮ ಪಾಲಿಸಿ ತೆಗೆದು ನೋಡಿ.

ಈಗ ನಾನು ಏನು ಮಾಡುತ್ತೇನೆ ಎಂದರೆ, ಕೊಡೆಯನ್ನು ಡಿಕ್ಕಿಯೊಳಗೆ ಹಾಕಿ ಬೀಗ ಹಾಕುತ್ತೇನೆ. ಕೈಯಲ್ಲಿ ಇದ್ದರೆ ಬಿಡಿಸಿಯೇ ಬಿಡಿಸುತ್ತಾರೆ, ಅದು ನಮ್ಮ ಕರಾವಳಿಯವರ ರಕ್ತದಲ್ಲೇ ಉಂಟು. ಮುಂದಿನ ಕೊಕ್ಕೆಗೆ ತೂಗುಹಾಕುವುದೂ ಬೇಡ, ತಿರುಗಿಸುವಾಗ ಹ್ಯಾಂಡಲಿಗೆ ಸಿಕ್ಕಿಕೊಳ್ಳುತ್ತದೆ. ಸೀರೆಯವರಿಗೆ ಪ್ಯಾಂಟಿನ ರೈನ್‌ಕೋಟ್ ಆಗುವುದಿಲ್ಲ, ಉದ್ದ ನಿಲುವಂಗಿಯಂಥದ್ದು ಸಿಗುತ್ತದೆ. ಬಟನ್ ಎಲ್ಲ ಹಾಕಿ, ಅಂಚನ್ನು ಕಾಲಡಿಗೆ ಒತ್ತಿ ಕೂರಬೇಕು, ಇಲ್ಲದಿದ್ದರೆ ಅದೇ ಗಾಳಿಗೆ ಉಬ್ಬುತ್ತದೆ ಇಲ್ಲವೇ ಚಕ್ರಕ್ಕೆ ಹೋಗುತ್ತದೆ. ಅದೂ ಇಲ್ಲವೆಂದರೆ ಬಸ್. ಹಿಂದಿನ ಟಪ್ ಸದ್ದು ಕೇಳಿದರೆ ಎಡಕ್ಕೆ ಸಿಗ್ನಲ್ ಹಾಕಿ, ನಿಧಾನಕ್ಕೆ ವೇಗ ಇಳಿಸಿ ನಿಲ್ಲಿಸಿ, ಗಡಬಡಿಸಿ ಬ್ರೇಕ್ ಒತ್ತಬೇಡಿ, ಕೈ ಬಿಟ್ಟು ಕೂತವರು ಅದಕ್ಕೂ ಬೀಳುತ್ತಾರೆ. ಕಳೆದ ವಾರ ಹೊನ್ನಕಟ್ಟೆಯ ಹತ್ತಿರ ಒಬ್ಬ ಹುಡುಗನ ಹಿಂದೆ ಅವನ ಅಮ್ಮ ಬಣ್ಣದ ಕೊಡೆ ಹಿಡಿದು ಕೂತಿದ್ದರು. ಪಕ್ಕಕ್ಕೆ ಹೋಗಿ ಕೂಗಿ ಹೇಳಿದೆ. "ನಿಮ್ಮ ದಾರಿ ನೀವು ನೋಡಿ ಆಂಟಿ" ಅಂದ.

ಅತ್ತೆ ಈಗ ಓಡಾಡುತ್ತಾರೆ, ಅಡುಗೆಯೂ ಮಾಡುತ್ತಾರೆ. ಆದರೆ ವಾಸನೆ ಹೋಗಿದೆ. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಾಗ ಮೆದುಳು ಒಳಗೇ ಅಲುಗಿ, ಮೂಗಿನ ಮೇಲಿನ ಎಳೆಯಂಥ ನರಗಳು ಹರಿಯುತ್ತವಂತೆ, ಕೆಲವರಿಗೆ ಮರಳಿ ಬರುತ್ತದೆ, ಕೆಲವರಿಗೆ ಇಲ್ಲ. ಒಲೆಯ ಉರಿ ಆರಿ ಗ್ಯಾಸ್ ಸೋರುವುದು ಗೊತ್ತಾಗದೆ ಒಂದು ದಿನ ಹಾಗೇ ಬಿಟ್ಟಿದ್ದರು, ಆಮೇಲೆ ಅಡುಗೆಮನೆಗೆ ಗ್ಯಾಸ್ ಅಲಾರಂ ಹಾಕಿಸಿದೆವು. ಮೀನು ತಂದ ದಿನ ಬಂಗುಡೆಯ ಕಿವಿರು ಎತ್ತಿ ಬಣ್ಣ ನೋಡಿ, ಬೆರಳಿನಿಂದ ಒತ್ತಿ ನೋಡಿ, ಆಮೇಲೂ ನಂಬಿಕೆ ಬಾರದೆ ತಟ್ಟೆಯನ್ನು ನನ್ನ ಮುಖದ ಹತ್ತಿರ ಹಿಡಿಯುತ್ತಾರೆ. "ನೀನು ಮೂಸಿ ನೋಡು, ಹಾಳಾಗ್ಲಿಲ್ಲ ಅಲ್ವಾ?"